ಹೆಂಡತಿಯಾಗಿ ಹೋದರಷ್ಟೇ ವಿದೇಶವೇ?

ಮಗಳು ಅಮೆರಿಕಕ್ಕೆ ಹೊರಟಳು ಎಂದರೆ ನಮ್ಮ ಊರುಗಳಲ್ಲಿ ಕೇಳುವ ಮೊದಲ ಪ್ರಶ್ನೆ, "ಅಳಿಯಂದಿರು ಯಾವ ಕಂಪನಿ?" ಎಂಬುದು. ಅವಳು ಏನು ಓದಿದ್ದಾಳೆ, ಅಲ್ಲಿ ಹೋಗಿ ಏನು ಮಾಡುತ್ತಾಳೆ ಎಂದು ಕೇಳುವವರು ಅಪರೂಪ. ಚಟ್ನಿಪುಡಿ, ಹಪ್ಪಳ, ಕುಕ್ಕರು ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ, ಆರತಿ ಎತ್ತಿ ಕಳಿಸುತ್ತೇವೆ. ಅದೇ ಮಗಳು, "ಅಮ್ಮ, ನಾನೊಬ್ಬಳೇ ಒಂದು ವರ್ಷ ಆಸ್ಟ್ರೇಲಿಯಾಕ್ಕೆ ಹೋಗಿಬರ್ತೀನಿ, ಸಿಕ್ಕಿದ ಕೆಲಸ ಮಾಡ್ಕೊಂಡು ಊರು ನೋಡ್ತೀನಿ" ಎನ್ನಲಿ ನೋಡೋಣ! ಆ ದಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. "ಓದಿಸಿದ್ದು ಕೂಲಿ ಮಾಡೋಕಾ?" ಎಂದು ಅಪ್ಪ, "ನಾಲ್ಕು ಜನ ಏನಂದಾರು?" ಎಂದು ಅಮ್ಮ, "ಇವಳನ್ನು ಯಾರು ಮಾಡಿಕೊಳ್ತಾರೆ?" ಎಂದು ಸೋದರತ್ತೆ. ಈ ಮೂರು ಪ್ರಶ್ನೆಗಳ ಬಗೆಗೇ ನನ್ನ ಜಗಳ.

ಮಗಳು ಹೇಳುವ ಆ ವೀಸಾ ಯಾವುದೋ ಕಳ್ಳದಾರಿಯಲ್ಲ. ದುಡಿಯುತ್ತಾ ರಜೆ ಕಳೆಯುವ ಈ ಪದ್ಧತಿಯನ್ನು ಆಸ್ಟ್ರೇಲಿಯಾ 1975ರಲ್ಲಿ ಬ್ರಿಟನ್, ಕೆನಡಾ, ಐರ್ಲೆಂಡಿನ ಯುವಜನರಿಗಾಗಿ ಶುರುಮಾಡಿತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ವ್ಯಾಪಾರ ಒಪ್ಪಂದದ ಫಲವಾಗಿ ನಮ್ಮ ಮಕ್ಕಳಿಗೂ ಅದರಲ್ಲಿ ಪಾಲು ಸಿಕ್ಕಿತು. ವರ್ಷಕ್ಕೆ 1,000 ಮಂದಿ, ವಯಸ್ಸು 18ರಿಂದ 30. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು, ವ್ಯವಹಾರಕ್ಕೆ ಸಾಲುವಷ್ಟು ಇಂಗ್ಲಿಷು, ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರು, ಅಂದರೆ ಮೂರು ಲಕ್ಷ ರೂಪಾಯಿಯ ಹತ್ತಿರ ಇರಬೇಕು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಮೊದಲ ಸಲ ಚೀಟಿ ಎತ್ತಲು ಹೆಸರು ಕೇಳಿದಾಗ, ಎರಡೇ ವಾರದಲ್ಲಿ ಸುಮಾರು 40,000 ಭಾರತೀಯರು ಹೆಸರು ಕೊಟ್ಟರು. ಬ್ರಿಟನ್ನಿನದೂ ಇಂಥದೇ ಒಂದು ಯೋಜನೆ 2023ರಲ್ಲಿ ಶುರುವಾಯಿತು. ಪದವೀಧರರಿಗೆ ಎರಡು ವರ್ಷ, ವರ್ಷಕ್ಕೆ 3,000 ಮಂದಿ. ಅಲ್ಲಿಯೂ ಚೀಟಿ ಎತ್ತಿಯೇ ಆಯ್ಕೆ.

ಈಗ ನಾವು ಆರತಿ ಎತ್ತಿ ಕಳಿಸುವ ಇನ್ನೊಂದು ವೀಸಾವನ್ನು ನೋಡಿ. ಅಮೆರಿಕದ ಕೆಲಸದ ವೀಸಾದವನ ಹೆಂಡತಿಗೆ ಸಿಗುವುದು ಎಚ್-4. ಅದರ ಮೇಲಿರುವ ಪದವೇ ‘ಅವಲಂಬಿತೆ’ ಎಂದು. ಎಂಜಿನಿಯರಿಂಗ್‌ನಲ್ಲಿ ರ‍್ಯಾಂಕ್ ಬಂದವಳಾಗಲಿ, ಬ್ಯಾಂಕಿನಲ್ಲಿ ಆಫೀಸರಾಗಿದ್ದವಳಾಗಲಿ, ಆ ವೀಸಾದಲ್ಲಿ ಕಾಲಿಟ್ಟ ದಿನದಿಂದ ಒಂದು ಸೆಂಟನ್ನೂ ಸ್ವಂತವಾಗಿ ದುಡಿಯುವ ಹಕ್ಕು ಅವಳಿಗಿರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಸಡಿಲಗೊಂಡಿತಾದರೂ ಅನುಕೂಲವಾದದ್ದು ಗಂಡನ ಗ್ರೀನ್ ಕಾರ್ಡಿನ ಕಾಗದಪತ್ರ ಒಂದು ಹಂತ ದಾಟಿದ್ದವರಿಗೆ ಮಾತ್ರ. ಅಂದರೆ ಅವಳ ದುಡಿಮೆಯ ಹಕ್ಕೂ ಗಂಡನ ಫೈಲಿನೊಳಗೇ ಇತ್ತು. ಮದುವೆ ಮುರಿದುಬಿದ್ದರೆ ಅಲ್ಲಿರುವ ಆಧಾರವೇ ಹೋಗುತ್ತದೆ. ಹಿಮ ಬೀಳುವ ಊರಿನಲ್ಲಿ, ಕಾರಿಲ್ಲದೆ, ಕಾಸಿಲ್ಲದೆ, ಕಿಟಕಿಯ ಹೊರಗೆ ನೋಡುತ್ತಾ ವರ್ಷಗಟ್ಟಲೆ ಕುಳಿತ ಹೆಣ್ಣುಮಕ್ಕಳನ್ನು ನಾವು "ಪುಣ್ಯವಂತೆ" ಎಂದು ಕರೆದೆವು. ತನ್ನ ಹೆಸರಿನಲ್ಲೇ ವೀಸಾ, ತನ್ನ ಖಾತೆಗೇ ಸಂಬಳ, ಬೇಡವೆನಿಸಿದರೆ ಟಿಕೆಟ್ ತೆಗೆದು ವಾಪಸು ಬರುವ ಸ್ವಾತಂತ್ರ್ಯ ಇರುವವಳನ್ನು ‘ಹಾದಿತಪ್ಪಿದವಳು’ ಎನ್ನುತ್ತೇವೆ. ಯಾವುದು ಸುರಕ್ಷಿತ ಎಂದು ನೀವೇ ಹೇಳಿ.

"ಪಾತ್ರೆ ತೊಳೆಯೋಕೆ ಅಷ್ಟು ದೂರ ಹೋಗಬೇಕಾ?" ಎನ್ನುತ್ತಾರೆ. ಹತ್ತನೇ ವಯಸ್ಸಿನಿಂದ ಮನೆಯಲ್ಲಿ ಅವಳು ತೊಳೆದ ಪಾತ್ರೆಗೆ ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ? ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಿಂದ ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರು. ಅದೇ ಕೈ, ಅದೇ ಸೋಪು. ಇಲ್ಲಿ ಅದು ಹೆಣ್ಣಿನ ಲಕ್ಷಣ, ಅಲ್ಲಿ ಸಂಬಳದ ಕೆಲಸ. ಮಗ ಎಂ.ಎಸ್. ಓದುತ್ತಾ ಹೋಟೆಲಿನಲ್ಲಿ ತಟ್ಟೆ ತೊಳೆದದ್ದನ್ನು ಮದುವೆ ಮನೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, "ಎಷ್ಟು ಕಷ್ಟಪಟ್ಟ ಗೊತ್ತಾ ನಮ್ಮ ಹುಡುಗ" ಎಂದು. ಮಗಳು ತೊಳೆದರೆ ಮಾತ್ರ ಮರ್ಯಾದೆ ಹೋಗುತ್ತದೆ. ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡು, ಗಂಡ ಅಗತ್ಯಕ್ಕಿಂತ ಹೆಚ್ಚು ತಂದಾಗ ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮ ನಮ್ಮ ನಾಡಿನವಳೇ. ಅವಳ ಮೇಲೆ ಭಾಷಣ ಮಾಡಿದ ಹುಡುಗಿಗೆ ಚಪ್ಪಾಳೆ ತಟ್ಟಿ ಬಹುಮಾನ ಕೊಡುತ್ತೇವೆ. ಆ ಹುಡುಗಿ ಕ್ವೀನ್ಸ್‌ಲ್ಯಾಂಡಿನ ತೋಟದಲ್ಲಿ ಸ್ಟ್ರಾಬೆರಿ ಬಿಡಿಸಲು ಹೊರಟರೆ ಮುಖ ಮುಚ್ಚಿಕೊಳ್ಳುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ಯಾರ ಕೈಗೆ ಅನ್ವಯಿಸುತ್ತದೋ! ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ಅಭ್ಯಾಸವೇ ಈ ನಾಚಿಕೆಯ ಮೂಲ ಎಂದು ನನ್ನ ಅನುಮಾನ.

ಇನ್ನು ಸೋದರತ್ತೆಯ ಪ್ರಶ್ನೆ. ವೀಸಾ ಕೇಳುವುದು 18ರಿಂದ 30ರ ಪ್ರಾಯ. ನಾವು ಜಾತಕ ಹಿಡಿದು ತಿರುಗುವುದೂ ಅದೇ ಪ್ರಾಯದಲ್ಲಿ. ಡಿಗ್ರಿ ಮುಗಿಸಿದ ಮೇಲೆ "ಒಳ್ಳೆ ಸಂಬಂಧ ಬರಲಿ" ಎಂದು ಎರಡು ವರ್ಷ, "ಆ ಕಡೆಯವರು ಇನ್ನೂ ತಿಳಿಸಿಲ್ಲ" ಎಂದು ಮತ್ತೊಂದು ವರ್ಷ. ಈ ಮಧ್ಯೆ ಹುಡುಗಿ ಕಂಪ್ಯೂಟರ್ ಕ್ಲಾಸು, ಟೈಲರಿಂಗ್ ಕ್ಲಾಸು ಎಂದು ಕಾಲ ತಳ್ಳುತ್ತಾಳೆ. ಆ ಕಾಯುವ ವರ್ಷಗಳು ವ್ಯರ್ಥವೆಂದು ನಮಗೆ ಅನಿಸುವುದಿಲ್ಲ. ಅವಳಾಗಿ ಬಳಸಿಕೊಂಡ ಒಂದು ವರ್ಷ ಮಾತ್ರ ವ್ಯರ್ಥ! ಒಂದು ವರ್ಷ ದುಡಿದು ತಿಂದು ಬಂದವಳೆಂಬ ಕಾರಣಕ್ಕೆ ಬೇಡವೆನ್ನುವ ಮನೆಗೆ ಮಗಳನ್ನು ಕೊಡದಿರುವುದೇ ಕ್ಷೇಮ.

ಹಾಗೆಂದು ಅಲ್ಲಿ ಎಲ್ಲವೂ ಚಂದ ಎಂದು ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಸ್ಥೆಯೇ ಹಣ್ಣು ತರಕಾರಿ ತೋಟಗಳ ತನಿಖೆ ನಡೆಸಿ 2018ರಲ್ಲಿ ವರದಿ ಕೊಟ್ಟಾಗ, ನೋಡಿದ ಅರ್ಧಕ್ಕಿಂತ ಹೆಚ್ಚು ಕಡೆ ಕಾರ್ಮಿಕ ಕಾನೂನಿನ ಉಲ್ಲಂಘನೆ ಕಂಡಿತ್ತು. ಬುಟ್ಟಿಯ ಲೆಕ್ಕದಲ್ಲಿ ಕೂಲಿ ಕೊಟ್ಟು ಮೋಸ ಮಾಡುತ್ತಿದ್ದರು. 2022ರ ಏಪ್ರಿಲ್ 28ರಿಂದ ಬುಟ್ಟಿ ಲೆಕ್ಕದವರಿಗೂ ಗಂಟೆಯ ಕನಿಷ್ಠ ಕೂಲಿ ಖಾತ್ರಿಯಾಯಿತು. ಇನ್ನೊಂದು ಅನ್ಯಾಯ ನೋಡಿ: ಎರಡನೇ ವರ್ಷ ಇರಬೇಕೆಂದರೆ ನಮ್ಮ ಮಕ್ಕಳು ಮೊದಲ ವರ್ಷದಲ್ಲೇ ದೂರದ ಪ್ರದೇಶಗಳಲ್ಲಿ ತೋಟದಂಥ ಗೊತ್ತುಪಡಿಸಿದ ಕೆಲಸವನ್ನು ಮೂರು ತಿಂಗಳು ಮಾಡಲೇಬೇಕು. ಬ್ರಿಟನ್ನಿನ ಮಕ್ಕಳಿಗೆ 2024ರ ಜುಲೈಯಿಂದ ಆ ಷರತ್ತೇ ಇಲ್ಲ. 35ರ ತನಕ ವಯಸ್ಸು, ಮೂರು ವರ್ಷದ ಅವಕಾಶ, ಚೀಟಿ ಎತ್ತುವ ಗೊಡವೆಯೂ ಇಲ್ಲ. ಅವರಿಗೆ ಬಾಗಿಲು, ನಮಗೆ ಕಿಂಡಿ. ಇದನ್ನು ಖಂಡಿಸಲೇಬೇಕು. ಆದರೆ ಕಿಂಡಿ ಚಿಕ್ಕದೆಂದು ಒಳಗಿನಿಂದ ನಾವೇ ಅಗುಳಿ ಹಾಕಿಕೊಳ್ಳುವುದು ಯಾವ ನ್ಯಾಯ? ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟಿಡಬೇಡ, ಸಂಬಳದ ಚೀಟಿ ಇಲ್ಲದೆ ಕೆಲಸಕ್ಕೆ ನಿಲ್ಲಬೇಡ, ಇರುವ ವಿಳಾಸವನ್ನು ಮನೆಗೆ ತಿಳಿಸು ಎಂದು ಕಲಿಸಿ ಕಳಿಸುವುದು ತಾಯಿ ಮಾಡಬಹುದಾದ ಕೆಲಸ.

ಹಾಗೆಯೇ ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಎದುರು ಬೋರ್ಡು ಹಾಕಿಕೊಂಡಿರುವ ಏಜೆಂಟರ ಬಗ್ಗೆಯೂ ಎಚ್ಚರ. "ಸೀಟು ಗ್ಯಾರಂಟಿ" ಎಂದು ಲಕ್ಷ ಕೇಳುವವನು ಸುಳ್ಳುಗಾರ. ಚೀಟಿ ಎತ್ತುವುದು ಕಂಪ್ಯೂಟರು. ಹೆಸರು ಕೊಡಲು 25 ಡಾಲರು, ಸುಮಾರು 1,500 ರೂಪಾಯಿ. ಬ್ರಿಟನ್ನಿನ ಚೀಟಿಗೆ ಹೆಸರು ಕೊಡಲು ಅದೂ ಬೇಡ. ಹೆಸರು ಬಂದ ಮೇಲೆ ವೀಸಾ ಶುಲ್ಕ ಬೇರೆ ಇದೆ, ಆದರೆ ಅದನ್ನು ಕಟ್ಟುವುದು ಸರ್ಕಾರಕ್ಕೆ. "ಇದರಿಂದ ಪೌರತ್ವ ಸಿಗುತ್ತೆ" ಎನ್ನುವವನೂ ಸುಳ್ಳುಗಾರ. ಇದು ಹೋಗಿಬರುವ ವೀಸಾ, ನೆಲೆಯೂರುವ ವೀಸಾ ಅಲ್ಲ.

"ಹಾಗಾದರೆ ಇದರಿಂದ ಗಳಿಸಿದ್ದೇನು?" ಎಂದು ಅಪ್ಪಂದಿರು ಕೇಳುತ್ತಾರೆ. ಬಂಗಾರದ ಗಣಿಯೇನೂ ಸಿಗುವುದಿಲ್ಲ. ಬಾಡಿಗೆ, ಊಟ, ಓಡಾಟ ಕಳೆದು ಉಳಿದರೆ ಉಳಿಯಿತು. ಆದರೆ ತನ್ನ ಬಾಡಿಗೆ ತಾನು ಕಟ್ಟಿ, ತನ್ನ ಜ್ವರಕ್ಕೆ ತಾನೇ ಗಂಜಿ ಬೇಯಿಸಿಕೊಂಡು, ಕೂಲಿ ಕಡಿಮೆ ಕೊಟ್ಟವನ ಎದುರು ನಿಂತು ಕೇಳಿ ಪಡೆದ ಹುಡುಗಿ ವಾಪಸು ಬಂದಾಗ, ನಾಳೆ ಗಂಡನ ಮನೆಯಲ್ಲೋ ಆಫೀಸಿನಲ್ಲೋ ಕೈ ಎತ್ತಿದವನ ಎದುರು ತಲೆ ತಗ್ಗಿಸಿ ನಿಲ್ಲುವುದಿಲ್ಲ. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಹೆಣ್ಣುಮಕ್ಕಳಿಗೆ ಕೋಶವನ್ನಂತೂ ಕೊಟ್ಟಿದ್ದೇವೆ. ದೇಶವನ್ನು ಮಾತ್ರ ಗಂಡನ ಕೈಗೆ ಕೊಟ್ಟಿಟ್ಟಿದ್ದೇವೆ.

ಮಗಳು ಹುಟ್ಟಿದ ವರ್ಷದಿಂದ ಮದುವೆಗೆಂದು ಚೀಟಿ ಕಟ್ಟುವ, ಅಕ್ಷಯ ತೃತೀಯಕ್ಕೆ ಗುಂಜಿ ಗುಂಜಿ ಬಂಗಾರ ಕೂಡಿಡುವ ತಾಯಂದಿರಿಗೆ ನಾನು ಕೇಳುವುದಿಷ್ಟೇ. ಅದರಲ್ಲಿ ಮೂರು ಲಕ್ಷವನ್ನು ಅವಳದೇ ಹೆಸರಿನ ಖಾತೆಯಲ್ಲಿಡಿ. 1,500 ರೂಪಾಯಿ ಕೊಟ್ಟು ಅವಳಿಗೊಂದು ಪಾಸ್‌ಪೋರ್ಟ್ ಮಾಡಿಸಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿ ಮಾಡಿಸಿದರಾಯಿತು ಎಂದು ಕಾಯಬೇಡಿ. ಚೀಟಿಯಲ್ಲಿ ಅವಳ ಹೆಸರು ಬರಬಹುದು, ಬಾರದೆಯೂ ಇರಬಹುದು. ಬಂದ ದಿನ ಅಪ್ಪ ಸಿಡುಕಿದರೆ, ಅಡುಗೆಮನೆಯಿಂದ ಹೊರಗೆ ಬಂದು "ಅವಳು ಹೋಗಲಿ" ಎಂದು ಒಂದು ಮಾತು ಗಟ್ಟಿಯಾಗಿ ಹೇಳಿ.