ಒಂಟಿ ಪ್ರಯಾಣದ ಸುಖ

ಊರಿಗೆ ಹೊರಟ ನಮ್ಮವರನ್ನು ಬೀಳ್ಕೊಡಲು ಸೂರತ್ ನಿಲ್ದಾಣಕ್ಕೆ ಹೋದವರ ಕಿವಿಗೆ ಒಂದು ಮಾತು ಬೀಳದೆ ಇರದು: "ಒಬ್ಬನೇ ಹೋಗುವುದಾ ಮಾರಾಯ, ಬೇಜಾರಾಗುವುದಿಲ್ವಾ?" ಕೇಳುವವರ ಅಂತಃಕರಣದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಕನಿಕರವು ಸಲ್ಲದ ಕಡೆ ಸಂದಿದೆಯೆಂದೇ ನಮ್ಮ ಅಭಿಪ್ರಾಯ.

ವರಾಛಾದ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗಿ ಏಳುವವರಿಗೆ, ಬೆಳಗಿನ ಮೊದಲ ಚಹಾದಿಂದ ರಾತ್ರಿ ಬಾಗಿಲು ಹಾಕುವ ತನಕ "ಏ ಮಾಣಿ" ಎಂಬ ಕೂಗಿಗೆ ಓಗೊಡುತ್ತಲೇ ಇರುವವರಿಗೆ, ಲೆಕ್ಕದ ಪುಸ್ತಕದಿಂದ ತಲೆಯೆತ್ತಲಾಗದ ಕಾರಕೂನರಿಗೆ, ಏಕಾಂತವೆಂಬುದು ವರ್ಷಕ್ಕೆ ಎರಡೇ ಸಲ ದೊರೆಯುವ ವಸ್ತು: ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ. ಊರಿನಲ್ಲಿಯೂ ಅದು ಸಿಗದು. ಅಲ್ಲಿ ಮನೆಮಂದಿಯ ಪ್ರೀತಿಯಿದೆ. ಅದರ ಜೊತೆಗೆ ಪ್ರಶ್ನೆಗಳೂ ಇವೆ, ಸಾಲದ ಬಾಬೂ ಇದೆ. ಗಾಡಿಯಲ್ಲಿ ಮಾತ್ರ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಚಹಾವನ್ನು ತಂದುಕೊಡುವವನೂ ಅಲ್ಲಿ ಬೇರೊಬ್ಬ. (ಆ ಚಹಾದ ರುಚಿಯ ವಿಷಯದಲ್ಲಿ ನಮ್ಮ ಹೊಟೇಲು ಬಂಧುಗಳು ಆಡುವ ಮಾತು ಅಚ್ಚಿಗೆ ಯೋಗ್ಯವಲ್ಲ.)

ನವಸಾರಿ, ಬಿಲಿಮೋರಾಗಳ ಚಿಕ್ಕೂ ತೋಟಗಳು ಹಿಂದಾಗುತ್ತವೆ. ವಸಯಿಯಲ್ಲಿ ಗಾಡಿಯು ಮುಂಬಯಿಯನ್ನು ಬದಿಗಿಟ್ಟು ಪನವೇಲಿನ ಹಾದಿ ಹಿಡಿಯುತ್ತದೆ. ರೋಹಾದಿಂದ ಮುಂದಕ್ಕೆ ಕೊಂಕಣ ರೈಲ್ವೆ. ೧೯೯೮ರಲ್ಲಿ ಈ ಹಾದಿಯು ಪೂರ್ಣವಾಗಿ ತೆರೆಯುವ ಮುನ್ನ, ಮುಂಬಯಿಯಲ್ಲಿಳಿದು ಬಸ್ಸು ಹತ್ತಿ ಘಟ್ಟದ ತಿರುವುಗಳನ್ನು ಎಣಿಸುತ್ತ ಊರು ಸೇರುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ರತ್ನಾಗಿರಿಗೆ ಮೊದಲು ಸಿಗುವ ಕರಬುಡೆ ಸುರಂಗವು ಆರೂವರೆ ಕಿಲೋಮೀಟರಿನದು. ಅದರೊಳಗೆ ಡಬ್ಬಿಯ ಮಾತೆಲ್ಲ ಚಕ್ರದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಗಾಡಿಗಳು ವೇಗವನ್ನು ತಗ್ಗಿಸಿ ಓಡುತ್ತವೆ. ಆ ವಿಳಂಬವನ್ನು ದೂರುವವರ ಸಾಲಿನಲ್ಲಿ ನಾವಿಲ್ಲ. ಹೊನ್ನಾವರದ ಬಳಿ ಎರಡು ಕಿಲೋಮೀಟರಿಗೂ ಮಿಕ್ಕ ಶರಾವತಿ ಸೇತುವೆಯ ಮೇಲೆ ಸದ್ದು ಬದಲಾಗುತ್ತಲೇ ಮಲಗಿದ್ದವರೂ ಎದ್ದು ಕುಳಿತುಕೊಳ್ಳುತ್ತಾರೆ. ಊರು ಹತ್ತಿರವಾಯಿತೆಂದು ಯಾರೂ ಹೇಳಬೇಕಾಗಿಲ್ಲ.

ಆದರೆ ಈ ಸುಖಕ್ಕೆಲ್ಲ ಆಧಾರವು ಕಾಯ್ದಿರಿಸಿದ ಒಂದು ಬರ್ತು. ಜನರಲ್ ಡಬ್ಬಿಯ ಬಾಗಿಲ ಬಳಿ ಒಂಟಿಕಾಲಿನಲ್ಲಿ ನಿಂತು ಬಂದವನ ಮುಂದೆ ಏಕಾಂತದ ಸೊಗಸನ್ನು ವರ್ಣಿಸುವುದು ಕ್ರೂರ ವಿನೋದವಾದೀತು. ೨೦೨೪ರ ನವೆಂಬರ್ ೧ರಿಂದ ಮುಂಗಡ ರಿಜರ್ವೇಶನ್ನಿನ ಅವಧಿಯು ೧೨೦ ದಿನಗಳಿಂದ ೬೦ಕ್ಕೆ ಇಳಿದಿದೆ. ರಿಜರ್ವೇಶನ್ ತೆರೆದ ದಿನವೇ ಟಿಕೇಟು ಕೊಳ್ಳದವನಿಗೆ ಮೇ ತಿಂಗಳಿನಲ್ಲಿ ಬರ್ತು ದುರ್ಲಭ. ಹೀಗಿರುತ್ತ, ಹೊರಡಲು ಮೂರು ದಿನವಿರುವಾಗ "ಸರಿ, ಹೋಗಿ ಬಾ" ಎನ್ನುವ ಧಣಿಗಳ ಔದಾರ್ಯದಿಂದ ಪ್ರಯೋಜನವೇನು? ರಜೆಯ ದಿನಾಂಕವನ್ನು ಎರಡು ತಿಂಗಳಿಗೂ ಮುಂಚೆ ನಿಶ್ಚಯಿಸಿ ತಿಳಿಸಬೇಕೆಂದು ಹೊಟೇಲು ಮಾಲಿಕರನ್ನೂ ಕಚೇರಿಗಳ ಮೇಲಧಿಕಾರಿಗಳನ್ನೂ ನಾವು ವಿನಂತಿಸುತ್ತೇವೆ. ಪ್ರಯಾಣದ ಎರಡು ದಿನಗಳನ್ನು ರಜೆಯ ಲೆಕ್ಕಕ್ಕೆ ಹಿಡಿಯದಿದ್ದರೆ ಇನ್ನೂ ಸಂತೋಷ. ಗಾಡಿ ಹೊರಟ ಬಳಿಕ, ಉಗ್ರಾಣದ ಬೀಗದ ಕೈ ಎಲ್ಲಿದೆಯೆಂದು ಕೇಳಲು ಫೋನು ಮಾಡದೆಯೂ ಇರಲಿ.