ಹಿಡಿಯೋರೇ ತೀರ್ಮಾನ ಮಾಡಿದ್ರೆ ಹೆಂಗೆ?

ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗೋ ನಮಗೆಲ್ಲ ಭವಾನಿಸಾಗರ ಡ್ಯಾಮ್ ಗೊತ್ತು. ನಮ್ಮ ವಿಧಾನಸಭಾ ಕ್ಷೇತ್ರದ ಹೆಸರೇ ಅದು. ಅಲ್ಲಿ ಶ್ರೀಲಂಕಾ ತಮಿಳರ ಕ್ಯಾಂಪ್ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ತಮಿಳುನಾಡಲ್ಲಿ ಇಂಥ 100ಕ್ಕೂ ಹೆಚ್ಚು ಕ್ಯಾಂಪ್‌ಗಳಿವೆ. 1983ರಿಂದ ಬಂದೋರು, ಇಲ್ಲೇ ಹುಟ್ಟಿದ ಅವರ ಮಕ್ಕಳು ಎಲ್ಲ ಸೇರಿ 50 ಸಾವಿರಕ್ಕೂ ಮೇಲೆ ಜನ. ಮನೆ, ರೇಷನ್, ತಿಂಗಳ ದುಡ್ಡು ಕಂದಾಯ ಮತ್ತು ಪುನರ್ವಸತಿ ಇಲಾಖೆ ಕೈಲಿ. ಆದರೆ ಯಾರು ಬಂದ್ರು, ಯಾರು ಹೋದ್ರು ಅಂತ ಕಣ್ಣಿಡೋದು ಪೊಲೀಸರ ಕ್ಯೂ ಬ್ರಾಂಚ್. ಕ್ಯಾಂಪ್ ಹೊರಗೆ ಬಾಡಿಗೆಗಿರೋರು ಹೆಸರು ಬರೆಸಬೇಕಾದ್ದು ಠಾಣೆಯಲ್ಲಿ. 2021ರಲ್ಲಿ ಸ್ಟಾಲಿನ್ ಸರ್ಕಾರ ‘ನಿರಾಶ್ರಿತರ ಶಿಬಿರ’ ಅನ್ನೋ ಹೆಸರು ತೆಗೆದು ‘ಮರುವಸತಿ ಶಿಬಿರ’ ಅಂತ ಮಾಡ್ತು. ಒಳ್ಳೇದೇ. ಕ್ಯೂ ಬ್ರಾಂಚ್ ಮಾತ್ರ ಅಲ್ಲೇ ಇದೆ.

ಆ ಕಡೆ ಹಾಸನೂರಿಂದ ಕೊಳ್ಳೇಗಾಲದ ರಸ್ತೆ ಹಿಡಿದ್ರೆ ಒಡೆಯರಪಾಳ್ಯ, ಟಿಬೆಟಿಯನ್ನರ ಊರು. ಐವತ್ತು ವರ್ಷದಿಂದ ಜೋಳ ಬೆಳೀತಾ ಇರೋ ಜನ. ಅವರ ನೋಂದಣಿ ಪತ್ರಕ್ಕೂ ಜಿಲ್ಲಾ ಎಸ್ಪಿ ಕಚೇರಿಯೇ ಗತಿ.

ಯಾಕಂದ್ರೆ ನಮ್ಮ ದೇಶದಲ್ಲಿ ವಿದೇಶಿಯರ ಕಾಗದ ನೋಡೋದೂ ಪೊಲೀಸ್ ಕೆಲಸ ಅಂತಲೇ ಬ್ರಿಟಿಷರ ಕಾಲದಿಂದ ನಡ್ಕೊಂಡು ಬಂದಿದೆ. ಹೆಚ್ಚಿನ ಜಿಲ್ಲೆಗಳಲ್ಲಿ ಎಸ್ಪಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಮೇಲ್ಗಡೆ ವಲಸೆ ಬ್ಯೂರೋ, ಅದು ಗೃಹ ಇಲಾಖೆ ಕೆಳಗೆ, ನಡೆಸೋರು ಗುಪ್ತಚರ ದಳದೋರು. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆ ತೆಗೆದು 2025ರಲ್ಲಿ ಒಂದೇ ಹೊಸ ಕಾಯ್ದೆ ತಂದ್ರು, ಸೆಪ್ಟೆಂಬರ್ 1ರಿಂದ ಜಾರಿ. ಕಾಗದದ ಕೆಲಸವನ್ನ ಪೊಲೀಸಿಂದ ಬೇರೆ ಮಾಡೋಕೆ ಅದಕ್ಕಿಂತ ಒಳ್ಳೆ ಸಮಯ ಇರಲಿಲ್ಲ. ಮಾಡಲಿಲ್ಲ. ‘ನಾನು ವಿದೇಶಿ ಅಲ್ಲ’ ಅಂತ ಸಾಬೀತು ಮಾಡೋ ಹೊರೆಯೂ ಹಿಂದಿನ ಹಾಗೇ ಆ ಮನುಷ್ಯನ ತಲೆ ಮೇಲೇ ಇದೆ.

ಇದು ಕನ್ನಡದ ಪೇಜಿಗೆ ಯಾಕೆ ಅಂತ ಕೇಳ್ತೀರಿ. 2025ರ ಜೂನ್‌ನಲ್ಲಿ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿ, ಗಂಡ, ಮಗು, ಮೂವರನ್ನೂ ದೆಹಲಿಯಲ್ಲಿ ಹಿಡಿದು ದಿನಗಳಲ್ಲೇ ಬಾಂಗ್ಲಾದೇಶಕ್ಕೆ ದಬ್ಬಿದ್ರು. ಹಿಡಿದದ್ದು ಪೊಲೀಸ್, ಗಡೀಪಾರು ಆದೇಶ ಕೊಟ್ಟಿದ್ದೂ ಅದೇ ಗೃಹ ಇಲಾಖೆ ಕೆಳಗಿನ ನೋಂದಣಿ ಕಚೇರಿ. ಇಲಾಖೆಯೇ ಹೇಳಿದ್ದ ವಿಚಾರಣೆಯನ್ನೂ ಸರಿಯಾಗಿ ಮಾಡಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಆದೇಶ ರದ್ದು ಮಾಡ್ತು, ಆಕೆ ವಾಪಸ್ ಬಂದಿದ್ದು ಡಿಸೆಂಬರ್‌ಗೆ. ಅವರಾಡೋ ಬಂಗಾಳಿ ಗಡಿಯಾಚೆಗೂ ಇದೆ, ಅನುಮಾನಕ್ಕೆ ಅಷ್ಟು ಸಾಕಾಯ್ತು. ಮನೇಲಿ ಒಂದು ಭಾಷೆ, ಸರ್ಕಾರಿ ಕಚೇರೀಲಿ ಇನ್ನೊಂದು ಭಾಷೆ ಆಡಿ ಬೆಳೆದ ನಮಗೆ ಇದು ಅರ್ಥ ಆಗ್ದೇ ಇನ್ಯಾರಿಗೆ ಆಗಬೇಕು?

ಸರ್ಕಾರ ಅಂದ್ರೆ ಬರೀ ಪೊಲೀಸ್ ಆದಾಗ ಏನಾಗುತ್ತೆ ಅನ್ನೋದು ಈ ಬೆಟ್ಟಕ್ಕೆ ಗೊತ್ತಿಲ್ಲದ ವಿಷಯ ಅಲ್ಲ. ವೀರಪ್ಪನ್ ಕಾಲದಲ್ಲಿ ಎರಡೂ ರಾಜ್ಯದ ಎಸ್‌ಟಿಎಫ್ ಇಲ್ಲಿತ್ತು. ‘ವರ್ಕ್‌ಶಾಪ್’ ಅನ್ನೋ ಪದ ಕೇಳಿದ್ರೆ ಈಗಲೂ ಹಿರಿಯರು ಮಾತು ಬದಲಿಸ್ತಾರೆ. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆ ನಡೆದು, 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಜನಕ್ಕೆ 2.80 ಕೋಟಿ ಪರಿಹಾರ ಅಂತ ಹೇಳ್ತು. ಅನುಮಾನ ಪಟ್ಟೋರೇ ಹಿಡಿದ್ರು, ಹಿಡಿದೋರೇ ತಪ್ಪಿತಸ್ಥ ಅಂತ ತೀರ್ಮಾನಾನೂ ಮಾಡಿದ್ರು.

ನಾನು ಬ್ಯಾಂಕ್ ಗುಮಾಸ್ತ. ನಮ್ಮಲ್ಲಿ ಒಂದು ಎಂಟ್ರಿಯನ್ನ ಹಾಕಿದೋನೇ ಪಾಸ್ ಮಾಡೋ ಹಾಗಿಲ್ಲ. ಮೇಕರ್ ಬೇರೆ, ಚೆಕರ್ ಬೇರೆ. ನಾನು ಕಳ್ಳ ಅಂತಲ್ಲ, ಯಾರ ಕಣ್ಣಾದ್ರೂ ತಪ್ಪುತ್ತೆ ಅಂತ. ಐದು ಸಾವಿರ ರೂಪಾಯಿಗೆ ಇಷ್ಟು ಎಚ್ಚರಿಕೆ ಇರುವಾಗ ಒಬ್ಬ ಮನುಷ್ಯನ ದೇಶ ಯಾವುದು ಅನ್ನೋದಕ್ಕೆ ಬೇಡ್ವಾ?

ಪೋರ್ಚುಗಲ್ ಇದನ್ನ ಮಾಡಿ ನೋಡಿದೆ. 2020ರಲ್ಲಿ ಲಿಸ್ಬನ್ ಏರ್‌ಪೋರ್ಟಿನಲ್ಲಿ ಅಲ್ಲಿನ ವಲಸೆ ಪೊಲೀಸರ ವಶದಲ್ಲಿದ್ದ ಉಕ್ರೇನಿನ ಒಬ್ಬ ಸತ್ತ. 2023ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದ್ರು. ಗಡಿ ಕಾಯೋದು, ಅಪರಾಧ ತನಿಖೆ ಪೊಲೀಸಿಗೆ ಹೋಯ್ತು, ಪರ್ಮಿಟ್ ಕೆಲಸ ಹೊಸ ನಾಗರಿಕ ಸಂಸ್ಥೆಗೆ. ಎಲ್ಲ ಸರಿಹೋಯ್ತು ಅಂತ ಸುಳ್ಳು ಹೇಳಲ್ಲ. ಲಕ್ಷಗಟ್ಟಲೆ ಹಳೇ ಅರ್ಜಿ ಹೊಸ ಕೌಂಟರ್ ಮೇಲೆ ಬಿತ್ತು, ಜನ ಕ್ಯೂನಲ್ಲಿ ನಿಂತು ಬೈದ್ರು. ಸಿಬ್ಬಂದಿ ಕೊಡದೆ ಬೋರ್ಡ್ ಬದಲಿಸಿದ್ರೆ ಹಂಗೇ ಆಗೋದು. ಆದ್ರೂ ಕ್ಯೂನಲ್ಲಿ ಕಾಯೋದು ಬೇರೆ, ಲಾಕಪ್‌ನಲ್ಲಿ ಕಾಯೋದು ಬೇರೆ.

ನಕಲಿ ಕಾಗದ ಮಾಡೋನು, ಜನರನ್ನ ಕಳ್ಳಸಾಗಣೆ ಮಾಡೋನು ಸಿಕ್ಕಿದ್ರೆ ಪೊಲೀಸ್ ಹಿಡೀಲಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ನೋಂದಣಿ, ನವೀಕರಣ, ಇರಬಹುದೋ ಬೇಡವೋ ಅನ್ನೋ ತೀರ್ಮಾನ ಎಸ್ಪಿ ಕಚೇರಿಯಿಂದ ಕಲೆಕ್ಟರ್ ಕಚೇರಿಗೆ ಬರಲಿ. ಆದೇಶ ಬರಹದಲ್ಲಿರಲಿ, ಆ ಮನುಷ್ಯನಿಗೆ ಓದೋಕೆ ಬರೋ ಭಾಷೇಲಿರಲಿ, ಮೇಲ್ಮನವಿಗೆ ದಿನ ಕೊಡಲಿ. ಹುಡುಗರೇ, ಮುಂದಿನ ಸಲ ನೀಲಗಿರಿ ಕ್ಷೇತ್ರದ ಎಂಪಿ ತಾಳವಾಡಿಗೆ ಬಂದಾಗ ಆನೆ ಕಾಟದ ಅರ್ಜಿ ಜೊತೆ ಇದನ್ನೂ ಒಂದು ಹಾಳೇಲಿ ಬರ್ದು ಕೊಡಿ. ಕನ್ನಡದಲ್ಲೇ ಬರೀರಿ.