ಗದ್ದೆ ರೈತನದ್ದಾಯಿತು, ಬೆಲೆ ಯಾರದ್ದು?

ಕಾರವಾರದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ಎತ್ತಿದ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ

ಸುಗ್ಗಿ ಮುಗಿದ ವಾರ ಭತ್ತಕ್ಕೆ ಬೆಲೆ ಇರೋದಿಲ್ಲ. ಮಳೆಗಾಲ ಹತ್ತಿರ ಬಂತು ಅಂದ್ರೆ ಅದೇ ಭತ್ತ ಅಕ್ಕಿಯಾಗಿ ಅಂಗಡಿಯಲ್ಲಿ ಕೂತಿರುತ್ತದೆ, ಬೆಲೆ ಮೇಲೆ ಹತ್ತಿರುತ್ತದೆ. ಅಗ್ಗಕ್ಕೆ ಮಾರಿದವನೇ ಚೀಲ ಹಿಡಿದು ಕೊಳ್ಳಲು ಬರುತ್ತಾನೆ. ಇದನ್ನು ಕಾಣದ ಅಂಗಡಿಕಾರ ಇಲ್ಲ. "ನಾಲ್ಕು ತಿಂಗಳು ಇಟ್ಕೊಂಡು ಮಾರಬಾರದಿತ್ತಾ ಮಾರಾಯ?" ಅಂತ ಬುದ್ಧಿ ಹೇಳುವವರೂ ಕಡಿಮೆ ಇಲ್ಲ.

ಈ ಬುದ್ಧಿವಾದದಲ್ಲಿ ಎಲ್ಲಿ ತಪ್ಪಿದೆ ಅಂತ ಲೆಕ್ಕ ಸಮೇತ ತೋರಿಸಿಕೊಟ್ಟ ಒಬ್ಬ ಹೆಣ್ಣುಮಗಳು ಹುಟ್ಟಿದ್ದು ಇದೇ ಕಾರವಾರದಲ್ಲಿ. ಹೆಸರು ಕೃಷ್ಣಾ ಭಾರದ್ವಾಜ್. ಲಂಡನ್ನು, ದಿಲ್ಲಿ, ಇಟಲಿಯ ವಿದ್ವಾಂಸರು ಈ ಹೆಸರನ್ನು ಗೌರವದಿಂದ ಹೇಳುತ್ತಾರೆ. ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಕೇಳಿದರೆ ಎಷ್ಟು ಮಂದಿ ಹೌದು ಅಂದಾರು? ಕೃಷ್ಣಾ ಅಂದ್ರೆ ಗಂಡಸೋ ಹೆಂಗಸೋ ಅನ್ನುವಲ್ಲಿಗೇ ಮಾತು ನಿಂತೀತು.

ಆದ್ದರಿಂದ ಮೊದಲು ಅವರ ಕತೆ, ಆಮೇಲೆ ಅವರ ಪ್ರಶ್ನೆ.

ಬೆಳಗಾವಿಯಿಂದ ಕೇಂಬ್ರಿಜ್‌ಗೆ

ಕೃಷ್ಣಾ ಹುಟ್ಟಿದ್ದು 1935ರ ಆಗಸ್ಟ್ 21ರಂದು. ತವರು ಚಂದಾವರ್ಕರ್ ಮನೆತನ. ತಂದೆ ವಿದ್ಯಾಕ್ಷೇತ್ರದಲ್ಲಿ ಹೆಸರು ಮಾಡಿದವರು. ಮಗಳು ಚಿಕ್ಕವಳಿದ್ದಾಗಲೇ ಸಂಸಾರ ಬೆಳಗಾವಿಗೆ ಹೋಯಿತು. ಕಾಲೇಜು ಮುಂಬಯಿಯಲ್ಲಿ. ಮುಂಬಯಿ ವಿಶ್ವವಿದ್ಯಾಲಯದಲ್ಲೇ 1960ರಲ್ಲಿ ಡಾಕ್ಟರೇಟು. ಅದರ ವಿಷಯ ಸಾರಿಗೆ ಯೋಜನೆ. ದಿನಾ ಬಸ್ಸಿಗೆ ಕಾಯುವವರು ಇದನ್ನು ನೆನಪಿಡಬೇಕು!

ಮುಂದೆ ಸ್ವಲ್ಪ ಕಾಲ ಅಮೆರಿಕ. ಅಲ್ಲಿಂದ ಬಂದ ಮೇಲೆ ಒಂದು ಚಿಕ್ಕ ಪುಸ್ತಕ ಅವರ ದಾರಿಯನ್ನೇ ತಿರುಗಿಸಿತು. ಬರೆದವನು ಪಿಯೆರೊ ಸ್ರಾಫಾ, ಇಟಲಿಯವನು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೇಷ್ಟ್ರು. ಮುಸ್ಸೋಲಿನಿಯ ಜೈಲಿನಲ್ಲಿದ್ದ ಕಮ್ಯುನಿಸ್ಟ್ ಮುಖಂಡ ಗ್ರಾಂಶಿಗೆ ಬೇಕಾದಷ್ಟು ಪುಸ್ತಕ ಕೊಡಿ, ಲೆಕ್ಕ ನನ್ನ ಖಾತೆಗೆ ಬರಲಿ ಅಂತ ಮಿಲಾನ್ ಪಟ್ಟಣದ ಪುಸ್ತಕದಂಗಡಿಯಲ್ಲಿ ಖಾತೆ ತೆರೆದಿಟ್ಟಿದ್ದ ಮನುಷ್ಯ ಈತ. ಉದ್ರಿ ಖಾತೆಯೂ ಒಮ್ಮೊಮ್ಮೆ ಇಂಥ ಒಳ್ಳೇ ಕೆಲಸಕ್ಕೆ ಬರುತ್ತದೆ.

ಸ್ರಾಫಾನ ಪುಸ್ತಕ 1960ರಲ್ಲಿ ಬಂತು. ನೂರು ಪುಟವೂ ಇಲ್ಲ. ದೊಡ್ಡ ದೊಡ್ಡ ಪಂಡಿತರೇ ಓದಿ ತಲೆ ಕೆರೆದುಕೊಂಡರು. ಮುಂಬಯಿಯ 'ಎಕನಾಮಿಕ್ ವೀಕ್ಲಿ' ಸಂಪಾದಕ ಸಚಿನ್ ಚೌಧುರಿ ಅದರ ವಿಮರ್ಶೆ ಬರೆಯಲು ಕೃಷ್ಣಾ ಅವರಿಗೆ ಹೇಳಿದರು. 1963ರಲ್ಲಿ ಅಚ್ಚಾಯಿತು. ಆಗ ಅವರ ವಯಸ್ಸು 28. ಆ ವಿಮರ್ಶೆ ಸ್ರಾಫಾನಿಗೇ ಮೆಚ್ಚಿಗೆಯಾಯಿತು. 1967ರಲ್ಲಿ ಕೃಷ್ಣಾ ಕೇಂಬ್ರಿಜ್‌ಗೆ ಹೋದರು. ಅಲ್ಲಿಂದ ಆ ನಂಟು ಬಿಡಲಿಲ್ಲ.

ಕೇಂಬ್ರಿಜ್‌ನಲ್ಲೇ ಇದ್ದುಬಿಡಬಹುದಿತ್ತು. ಇರಲಿಲ್ಲ. ದಿಲ್ಲಿಗೆ ಬಂದು 1970ರ ದಶಕದ ಆರಂಭದಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಕೇಂದ್ರವನ್ನು ಕಟ್ಟಿ ನಿಲ್ಲಿಸಿದರು. ಪ್ರಭಾತ್ ಪಟ್ನಾಯಕ್, ಉತ್ಸಾ ಪಟ್ನಾಯಕ್, ಅಮಿತ್ ಭಾದುರಿ ಮುಂತಾದವರು ಪಾಠ ಮಾಡಿದ ಜಾಗ ಅದು. ಆ ಕೇಂದ್ರದಲ್ಲಿ ಮಾರ್ಕ್ಸ್ ಪರೀಕ್ಷೆಗೆ ಬರುವ ಒಂದು ಟಿಪ್ಪಣಿ ಆಗಿರಲಿಲ್ಲ, ಕೂತು ಓದಬೇಕಾದ ಗ್ರಂಥಕರ್ತನಾಗಿದ್ದ. ಕೃಷ್ಣಾ ಅವರ ಪುಸ್ತಕಗಳಲ್ಲಿಯೂ ಆಡಂ ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ಮೂವರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಪಾಲು ಮೊದಲೋ, ಬೆಲೆ ಮೊದಲೋ?

ಆ ಪಂಕ್ತಿಯ ಮಾತೇನು? ಕಷ್ಟದ ಶಾಸ್ತ್ರ ಬೇಡ, ಗದ್ದೆಯ ಲೆಕ್ಕ ಸಾಕು.

ಬೆಳೆದದ್ದರಲ್ಲಿ ಮುಂದಿನ ವರ್ಷದ ಬೀಜ ತೆಗೆದಿಡಬೇಕು. ಎತ್ತಿಗೆ ಮೇವು ಬೇಕು. ದುಡಿದವರ ಹೊಟ್ಟೆಗೆ ಬೇಕು. ಇಷ್ಟು ಕಳೆದು ಉಳಿಯುವುದೇ ಮಿಗುತಾಯ. ಮಿಗುತಾಯ ಎಷ್ಟು, ಅದು ಯಾರ ಮನೆಗೆ ಹೋಗುತ್ತದೆ—ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ತಲೆ ಕೆಡಿಸಿಕೊಂಡದ್ದು ಇದಕ್ಕೆ. 1870ರ ದಶಕದಿಂದ ಈಚೆಗೆ ಅರ್ಥಶಾಸ್ತ್ರ ಬೇರೆ ಹಾದಿ ಹಿಡಿಯಿತು. ಬೇಡಿಕೆಯ ಗೆರೆ ಒಂದು, ಪೂರೈಕೆಯ ಗೆರೆ ಒಂದು, ಎರಡೂ ಕೂಡಿದ ಕಡೆ ಬೆಲೆ. ಕೂಲಿಯೂ ಹಾಗೇ, ಬಡ್ಡಿಯೂ ಹಾಗೇ, ಗೇಣಿಯೂ ಹಾಗೇ. ಯಾರಿಗೂ ಅನ್ಯಾಯ ಆಗುವ ಮಾತೇ ಇಲ್ಲ, ಪೇಟೆ ಎಲ್ಲ ನೋಡಿಕೊಳ್ಳುತ್ತದೆ. ಇವತ್ತಿಗೂ ಪಿ.ಯು.ಸಿ. ಹುಡುಗರು ಉರು ಹಚ್ಚುವುದು ಇದೇ ಗೆರೆಗಳನ್ನು.

ಸ್ರಾಫಾ ಇದನ್ನು ತಿರುವಿ ಹಾಕಿದ. ಮಾಲು ತಯಾರಿಸುವ ರೀತಿ ಗೊತ್ತಿದ್ದು, ದುಡಿದವನ ಪಾಲು ಇಷ್ಟು ಅಥವಾ ಹಣ ಹೂಡಿದವನ ಲಾಭ ಇಷ್ಟು ಅಂತ ತೀರ್ಮಾನವಾದರೆ, ಬೆಲೆ ಅದರಿಂದ ಹೊರಡುತ್ತದೆ ಅಂದ. ಆ ಪಾಲನ್ನು ತೀರ್ಮಾನಿಸುವುದು ಗೆರೆಗಳಲ್ಲ. ಸಮಾಜದಲ್ಲಿ ಯಾರ ಕೈ ಮೇಲಿದೆ ಅನ್ನುವುದು. ಕೃಷ್ಣಾ ತಮ್ಮ 1963ರ ವಿಮರ್ಶೆಯ ತಲೆಬರಹದಲ್ಲೇ ಈ ಅಂಶವನ್ನು ಎತ್ತಿ ತೋರಿಸಿದ್ದರು. ಹಳೇ ದಾರಿ ಹೇಗೆ ಮುಚ್ಚಿಹೋಯಿತು, ಗೆರೆಗಳ ಶಾಸ್ತ್ರ ಹೇಗೆ ಪಟ್ಟಕ್ಕೆ ಬಂತು ಅನ್ನುವುದನ್ನು 1976ರಲ್ಲಿ ಕಲ್ಕತ್ತೆಯಲ್ಲಿ ಕೊಟ್ಟ ಆರ್.ಸಿ. ದತ್ ಉಪನ್ಯಾಸಗಳಲ್ಲಿ ವಿವರಿಸಿದರು. ಅದು 1978ರಲ್ಲಿ ಪುಸ್ತಕವಾಯಿತು.

ಒತ್ತಾಯದ ಪೇಟೆ

ಇಷ್ಟೇ ಆಗಿದ್ದರೆ ಪಂಡಿತರ ಜಗಳ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕೃಷ್ಣಾ ಈ ದೀಪ ಹಿಡಿದು ಗದ್ದೆಗೆ ಇಳಿದರು.

1950ರ ದಶಕದಲ್ಲಿ ಸರ್ಕಾರ ಹಲವು ರಾಜ್ಯಗಳಲ್ಲಿ ಬೇಸಾಯದ ಜಮಾ-ಖರ್ಚು ಸಮೀಕ್ಷೆ ಮಾಡಿಸಿತ್ತು. ಅದರಲ್ಲಿ ಎರಡು ವಿಚಿತ್ರ ಸಂಗತಿ ಕಂಡವು. ಒಂದು, ಚಿಕ್ಕ ಹಿಡುವಳಿಯಲ್ಲಿ ಎಕರೆಗೆ ಬರುವ ಬೆಳೆ ದೊಡ್ಡ ಹಿಡುವಳಿಗಿಂತ ಹೆಚ್ಚು. ಎರಡು, ಮನೆಯವರ ದುಡಿಮೆಗೆ ಪೇಟೆಯ ಕೂಲಿ ಹಾಕಿದರೆ ಬೇಸಾಯ ಬಹುಪಾಲು ನಷ್ಟ. ಅಮರ್ತ್ಯ ಸೇನ್ 1962ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಂಗಡಿಕಾರರಿಗೆ ಇದು ಬಿಡಿಸಿ ಹೇಳಬೇಕಾದ್ದಿಲ್ಲ. ಗಲ್ಲಾದ ಮೇಲೆ ತಾವು ಕೂತದ್ದಕ್ಕೆ, ಹೆಂಡತಿ ಪೊಟ್ಟಣ ಕಟ್ಟಿದ್ದಕ್ಕೆ, ಮಗ ಗೋಣಿ ಹೊತ್ತದ್ದಕ್ಕೆ ಸಂಬಳ ಬರೆದುಕೊಂಡರೆ ಎಷ್ಟು ಅಂಗಡಿ ಲಾಭದಲ್ಲಿ ಉಳಿದಾವು?

ಕೃಷ್ಣಾ ಆ ಸಮೀಕ್ಷೆಗಳನ್ನು ಜಾಲಾಡಿ 1974ರಲ್ಲಿ ಒಂದು ಪುಸ್ತಕ ತಂದರು. ಭಾರತದ ಬೇಸಾಯದ ಉತ್ಪಾದನಾ ಪರಿಸ್ಥಿತಿಗಳ ಬಗ್ಗೆ. ಸಣ್ಣ ರೈತ ಎಕರೆಗೆ ಹೆಚ್ಚು ಬೆಳೆಯುವುದು ಅವನು ಜಾಣ ಅಂತಲ್ಲ, ಗತಿಯಿಲ್ಲ ಅಂತ. ಇರುವ ತುಂಡಿನಲ್ಲೇ ಮನೆಮಂದಿಯೆಲ್ಲ ಬಿದ್ದು ದುಡಿಯಬೇಕು. ಅವನು ಪೇಟೆಗೆ ಬರುವುದೂ ಹಾಗೇ. ದೊಡ್ಡವನು ಮಾರುವುದು ಉಳಿದದ್ದನ್ನು, ಬೆಲೆ ನೋಡಿಕೊಂಡು. ಸಣ್ಣವನು ಮಾರುವುದು ಉಳಿದದ್ದನ್ನಲ್ಲ. ಸಾಲ ತೀರಿಸಬೇಕು, ಬಟ್ಟೆ ತರಬೇಕು, ಅದಕ್ಕೆ ಊಟದ ಭತ್ತವನ್ನೇ ಮಾರುತ್ತಾನೆ, ಆಮೇಲೆ ಕೊಳ್ಳುತ್ತಾನೆ. ಇಬ್ಬರೂ ಪೇಟೆಗೆ ಬಂದರು ಅಂತ ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲು ಬರೆದರೆ ಅದು ಸುಳ್ಳು ಲೆಕ್ಕ. ಒಬ್ಬ ಬಂದ, ಇನ್ನೊಬ್ಬನನ್ನು ಎಳಕೊಂಡು ಬಂದದ್ದು.

ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಜಮೀನು ಕೊಟ್ಟವನೇ ಸಾಲ ಕೊಡುತ್ತಾನೆ. ಸಾಲ ಕೊಟ್ಟವನೇ ಬೆಳೆ ಕೊಳ್ಳುತ್ತಾನೆ. ಬೆಳೆ ಕೊಂಡವನೇ ಕೂಲಿಗೆ ಕರೆಯುತ್ತಾನೆ. ಪುಸ್ತಕದಲ್ಲಿ ಇವು ನಾಲ್ಕು ಪೇಟೆ. ಊರಿನಲ್ಲಿ ಒಂದೇ ಬಾಗಿಲು. ಬಡ್ಡಿ ಕಡಿಮೆ ಮಾಡಿ ಅಂದರೆ ಬೆಳೆಯ ಬೆಲೆಯಲ್ಲಿ ಹಿಡಿಯುತ್ತಾನೆ. ಬೆಲೆ ಜಾಸ್ತಿ ಕೊಡಿ ಅಂದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಒಂದು ಗಂಟು ಬಿಚ್ಚಿದರೆ ಹಗ್ಗ ಸಡಿಲ ಆಗುವುದಿಲ್ಲ.

ಗೇಣಿ ಹೋಯಿತು, ಮುಂದೆ?

ಆ ಪುಸ್ತಕ ಬಂದ 1974ನೇ ಇಸವಿಯನ್ನು ಉತ್ತರ ಕನ್ನಡದ ಜನ ಮರೆಯುವಂತಿಲ್ಲ. ಅದೇ ವರ್ಷ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ರದ್ದಾಯಿತು. ಉಳುವವನು ಡಿಕ್ಲರೇಷನ್ ಹಾಕಿ ಗದ್ದೆಯ ಒಡೆಯನಾದ. ತಲೆಮಾರುಗಳಿಂದ ಧಣಿಯ ಮನೆಗೆ ಗೇಣಿ ಭತ್ತ ಹೊತ್ತವರು ತಮ್ಮ ಕಣಜಕ್ಕೆ ಹೊತ್ತರು. ಇದು ಸಣ್ಣ ಮಾತಲ್ಲ. ಕರಾವಳಿಯ ಎಷ್ಟೋ ಮನೆಗಳಿಂದ ಮೇಷ್ಟ್ರು, ಕಂಡಕ್ಟರು, ಗುಮಾಸ್ತರು ಹೊರಬಂದದ್ದು ಆ ಕಾಗದದ ಬಲದಿಂದ.

ಆದರೆ ಕೃಷ್ಣಾ ಅವರ ಪುಸ್ತಕ ಓದಿದವರು ಕೇಳುವ ಪ್ರಶ್ನೆ ಬೇರೆ. ಬಿಚ್ಚಿದ್ದು ಒಂದು ಗಂಟು. ಮಿಕ್ಕ ಗಂಟುಗಳು? ಗೇಣಿ ಹೋಯಿತು, ಸಾಲ ಹೋಯಿತೇ? ಧಣಿ ಹೋದ, ಸುಗ್ಗಿಗೆ ಮೊದಲೇ ಮುಂಗಡ ಕೊಟ್ಟು ಬೆಳೆ ಕಟ್ಟಿಹಾಕುವವನು ಹೋದನೇ? ಗದ್ದೆ ರೈತನದ್ದಾಯಿತು, ಬೆಲೆ ಯಾರದ್ದು?

ಇಲ್ಲಿ ಅಂಗಡಿಕಾರರು ಕೋಪ ಮಾಡಿಕೊಳ್ಳಬೇಕಾಗಿಲ್ಲ. ಉದ್ರಿ ಕೊಡುವ ಸಣ್ಣ ಅಂಗಡಿಯವನು ಖಳನಾಯಕ ಅಲ್ಲ. ಅವನೂ ಸಗಟು ವ್ಯಾಪಾರಿಯ ಬಾಕಿ ಪುಸ್ತಕದಲ್ಲಿ ಇರುವವನೇ. ಅವನು ಹೇಳಿದ ಮಾಲು ಎತ್ತಬೇಕು, ಹೇಳಿದ ದರಕ್ಕೆ ಎತ್ತಬೇಕು. ಕೃಷ್ಣಾ ಯಾರ ಗುಣ-ಅವಗುಣದ ಲೆಕ್ಕ ಬರೆಯಲಿಲ್ಲ. ಕಟ್ಟು ಎಲ್ಲಿದೆ ಅಂತ ತೋರಿಸಿದರು.

"ಅಮ್ಮಾ, ಅದು 1950ರ ದಶಕದ ಲೆಕ್ಕ. ಆಮೇಲೆ 1969ರಲ್ಲಿ ಹದಿನಾಲ್ಕು ಬ್ಯಾಂಕು ರಾಷ್ಟ್ರೀಕರಣ ಆಯಿತು, ಸಹಕಾರಿ ಸಂಘ ಬಂತು, ಮಹಿಳಾ ಸಂಘ ಬಂತು, ಈಗ ಮೊಬೈಲಿನಲ್ಲೇ ರೇಟು ಗೊತ್ತಾಗುತ್ತದೆ" ಅಂತ ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲ ಅನ್ನಲಾಗದು. ಕಾಲ ಬದಲಾಗಿದೆ. ಆದರೆ ರೇಟು ಗೊತ್ತಾಗುವುದು ಬೇರೆ, ರೇಟಿಗೆ ಕಾಯುವುದು ಬೇರೆ. ಕಾಯಲು ಅಡುಗೆಮನೆಯಲ್ಲಿ ಅಕ್ಕಿ ಇರಬೇಕು, ಕೈಯಲ್ಲಿ ನಾಲ್ಕು ಕಾಸು ಇರಬೇಕು.

2020ರಲ್ಲಿ ಕೇಂದ್ರ ಸರ್ಕಾರ ಮೂರು ಕೃಷಿ ಕಾನೂನು ತಂದು, ದಿಲ್ಲಿಯ ಗಡಿಯಲ್ಲಿ ರೈತರು ಸುಮಾರು ಒಂದು ವರ್ಷ ಕೂತು, 2021ರಲ್ಲಿ ಅವು ವಾಪಸಾದವು. ರೈತ ಎಲ್ಲಿ ಬೇಕಾದರೂ ಮಾರಲಿ ಅಂತ ಒಂದು ಕಡೆ, ಮಂಡಿ ಮತ್ತು ಬೆಂಬಲ ಬೆಲೆ ಉಳಿಯಲಿ ಅಂತ ಇನ್ನೊಂದು ಕಡೆ. ಎರಡು ಕಡೆಯವರೂ ಗಂಟಲು ಹರಿಯುವಷ್ಟು ಕೂಗಿದರು. ಎಲ್ಲಿ ಮಾರಬೇಕು ಅನ್ನುವುದಕ್ಕಿಂತ ಮೊದಲು, ಯಾವ ಸ್ಥಿತಿಯಲ್ಲಿ ಮಾರುತ್ತಾನೆ ಅಂತ ಕೇಳಬೇಕಿತ್ತು. ಕಾಲು ಕಟ್ಟಿದವನಿಗೆ ನಾಲ್ಕು ದಾರಿ ತೋರಿಸಿದರೆ ಏನು ಬಂತು?

ಮನೆ ಬಾಗಿಲಲ್ಲೇ ಉತ್ತರ

ಉತ್ತರ ಹುಡುಕಲು ಕೇಂಬ್ರಿಜ್‌ಗೆ ಹೋಗಬೇಕಾಗಿಲ್ಲ. ಶಿರಸಿಗೆ ಹೋಗುವ ಬಸ್ಸು ಹತ್ತಿದರೆ ಸಾಕು. ಅಲ್ಲಿ ಅಡಿಕೆ ತೋಟಿಗರು 1923ರಲ್ಲೇ ತಮ್ಮ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ಮಾಲು ಸಂಘದಲ್ಲಿಟ್ಟು ಮುಂಗಡ ತಗೊಂಡು, ಬೆಲೆ ಬಂದಾಗ ಮಾರುವ ದಾರಿ ಮಾಡಿಕೊಂಡರು. ಸಾಲಗಾರನೇ ಖರೀದಿದಾರನಾಗುವ ಬಾಗಿಲಿಗೆ ಪರ್ಯಾಯ ಬಾಗಿಲು ಅದು. ಅಡಿಕೆಗೆ ಆದದ್ದು ಅರ್ಧ ಎಕರೆ ಭತ್ತದ ಗದ್ದೆಯವನಿಗೆ, ಮೀನು ಒಣಗಿಸುವ ಹೆಂಗಸಿಗೆ ಯಾಕೆ ಆಗಬಾರದು? ತೋಟಿಗನ ಹತ್ತಿರ ಇಡುವಷ್ಟು ಮಾಲಿತ್ತು, ಸಂಘ ಕಟ್ಟುವ ಓದು ಇತ್ತು. ಇವರ ಹತ್ತಿರ ಇಲ್ಲ. ಆದ್ದರಿಂದ ಸರ್ಕಾರದ ಕೈ ಬೇಕು. ಸುಗ್ಗಿಗೆ ಮೊದಲೇ ಖರೀದಿ ಕೇಂದ್ರ ತೆರೆಯಲಿ. ಸುಗ್ಗಿ ಮುಗಿದ ಮೇಲೆ ತೆರೆದರೆ ಅದರ ಲಾಭ ಕಾಯಬಲ್ಲವನಿಗೆ ಮಾತ್ರ. ಬಸ್ಸು ಮುಟ್ಟುವ ಊರಿನಲ್ಲಿ ಗೋದಾಮು ಇರಲಿ. ಹತ್ತು ಚೀಲ ಇಟ್ಟವನಿಗೂ ಅದರ ಮೇಲೆ ಅಂದೇ ಸಾಲ ಸಿಗಲಿ. ಒಂದು ಗಂಟಲ್ಲ, ಎಲ್ಲ ಗಂಟಿಗೂ ಒಟ್ಟಿಗೇ ಕೈ ಹಾಕಬೇಕು.

ಕೃಷ್ಣಾ ಭಾರದ್ವಾಜ್ 1992ರ ಮಾರ್ಚ್ 8ರಂದು ತೀರಿಕೊಂಡರು. ಇನ್ನೂ 56 ವರ್ಷ. ಮಗಳು ಸುಧಾ ಭಾರದ್ವಾಜ್ ಅಮೆರಿಕದಲ್ಲಿ ಹುಟ್ಟಿ, ಅಲ್ಲಿನ ಪೌರತ್ವ ಬಿಟ್ಟುಕೊಟ್ಟು, ಛತ್ತೀಸಗಢದ ಕಾರ್ಮಿಕರ ನಡುವೆ ಹೋಗಿ ವಕೀಲರಾದವರು. ತಾಯಿ ಕಾಗದದ ಮೇಲೆ ಕಂಡ ಕಟ್ಟನ್ನು ಮಗಳು ಗಣಿ, ಕಾರ್ಖಾನೆ ಗೇಟಿನಲ್ಲಿ ಕಂಡರು.

ಕೃಷ್ಣಾ ಬರೆದದ್ದು ಇಂಗ್ಲಿಷಿನಲ್ಲಿ. ಅದೂ ಸಲೀಸಾದ ಇಂಗ್ಲಿಷ್ ಅಲ್ಲ. ಯಾರ ಬಾಳಿನ ಲೆಕ್ಕವೋ ಅವರಿಗೇ ಓದಲಾಗದು, ಇದು ವಿದ್ವತ್ತಿನ ದೊಡ್ಡ ಕೊರತೆ. ಅದನ್ನು ತುಂಬುವ ಕೆಲಸ ಜಿಲ್ಲೆಯ ಕಾಲೇಜುಗಳದ್ದು. ವರ್ಷಕ್ಕೊಂದು ದಿನ, ಆಗಸ್ಟ್ 21ಕ್ಕೆ, ಅವರ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹುಡುಗರಿಗೆ ಬಿಡಿಸಿ ಹೇಳಲು ಮೇಷ್ಟ್ರುಗಳಿಗೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಊರಿಗೊಂದು ಪುತ್ಥಳಿ ನಿಲ್ಲಿಸುವುದು ಸುಲಭ. ಊರಿನವಳು ಕೇಳಿದ ಪ್ರಶ್ನೆಯನ್ನು ಊರಿನ ಸಂತೆಯಲ್ಲಿ ಕೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು.